ಎಲ್ಲ ಚಿನ್ನವೂ ಒಂದೇ ಹಳದಿ ಅಲ್ಲ

1896ರ ಆಗಸ್ಟ್ ತಿಂಗಳು. ಕೆನಡಾದ ಯೂಕಾನ್ ನದಿಯ ದಂಡೆಯಲ್ಲಿದ್ದ ಫೋರ್ಟಿಮೈಲ್ ಎಂಬ ಪುಟ್ಟ ಊರಿನ ಹೆಂಡದಂಗಡಿಗೆ ಜಾರ್ಜ್ ಕಾರ್ಮಾಕ್ ಎಂಬಾತ ಬಂದ. ಹೊಸ ತೊರೆಯೊಂದರಲ್ಲಿ ರಾಶಿ ಚಿನ್ನ ಸಿಕ್ಕಿದೆ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಯಿ ಬಿಟ್ಟರೆ ಬುರುಡೆ ಎಂದು ಆತನಿಗೆ ಹೆಸರಿತ್ತು. ಆಗ ಆತ ಬಂದೂಕಿನ ಖಾಲಿ ತೋಟಾದೊಳಗೆ ತುಂಬಿ ತಂದಿದ್ದ ಚಿನ್ನವನ್ನು ಹೊರಗೆ ಸುರಿದ. ಅಲ್ಲಿದ್ದವರೆಲ್ಲ ವರ್ಷಗಟ್ಟಲೆ ಹೊಳೆಮರಳು ಜಾಲಿಸಿ ಪಳಗಿದವರು. ಬಗ್ಗಿ ನೋಡಿದರು. ಕಾಳಿನ ಆಕಾರ ಬೇರೆ, ಬಣ್ಣ ಬೇರೆ. ಅವರಿಗೆ ಗೊತ್ತಿದ್ದ ಯಾವ ತೊರೆಯ ಚಿನ್ನವೂ ಹಾಗಿರಲಿಲ್ಲ. ಅಂದಮೇಲೆ ಇದು ಹೊಸ ಜಾಗದ್ದೇ. ಮನುಷ್ಯನ ಮಾತು ನಂಬದವರು ಅವನು ತಂದ ಚಿನ್ನವನ್ನು ನಂಬಿದರು. ನೋಡನೋಡುತ್ತಲೇ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಆ ತೊರೆಯಿದ್ದ ಕ್ಲಾಂಡೈಕ್ ಸೀಮೆಯತ್ತ ಜನ ನುಗ್ಗಿದ್ದು ಹೀಗೆ ಶುರುವಾಯಿತು.

ಆದರೆ ಚಿನ್ನ ಒಂದು ಮೂಲಧಾತು ಅಲ್ವಾ? ಪ್ರಪಂಚದ ಯಾವ ಮೂಲೆಯಲ್ಲಿ ಸಿಕ್ಕರೂ ಅದರ ಪರಮಾಣು ಒಂದೇ. ಅಷ್ಟೇ ಅಲ್ಲ, ಪ್ರಕೃತಿಯಲ್ಲಿ ಚಿನ್ನಕ್ಕೆ ಸ್ಥಿರವಾದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು ರೂಪ) ಇರುವುದೂ ಒಂದೇ, ಚಿನ್ನ-197. ಸೀಸಕ್ಕೆ ಅಂಥವು ನಾಲ್ಕಿವೆ, ಅವುಗಳ ಪ್ರಮಾಣ ನೋಡಿ ಅದು ಯಾವ ಕಡೆಯದ್ದು ಎಂದು ಊಹಿಸಬಹುದು. ಚಿನ್ನದಲ್ಲಿ ಆ ಆಟ ನಡೆಯುವುದಿಲ್ಲ. ಆಸ್ಟ್ರೇಲಿಯಾದ ಚಿನ್ನದ ಪರಮಾಣುವನ್ನೂ ಆಫ್ರಿಕಾದ್ದನ್ನೂ ಪಕ್ಕಪಕ್ಕ ಇಟ್ಟರೆ ಯಾರಿಂದಲೂ ಬೇರೆ ಮಾಡಲಾಗದು.

ಹಾಗಾದರೆ ಆ ಹೆಂಡದಂಗಡಿಯ ಮಂದಿ ಕಂಡದ್ದು ಏನು? ಅವರು ಕಂಡದ್ದು ಬಹುಮಟ್ಟಿಗೆ ಬೆಳ್ಳಿಯನ್ನು. ನೆಲದಲ್ಲಿ ಸಿಗುವ ಚಿನ್ನ ಅಪರಂಜಿ ಆಗಿರುವುದೇ ಇಲ್ಲ ಎನ್ನುವಷ್ಟು ಅಪರೂಪ. ಹುಟ್ಟುವಾಗಲೇ ಅದು ಬೆರಕೆ. ಆ ಬೆರಕೆ ಎಷ್ಟು, ಯಾವುದರದ್ದು ಎನ್ನುವುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಬಣ್ಣದ ಕಥೆಯೆಲ್ಲ ಅಲ್ಲಿದೆ.

ಮೊದಲು, ಅಚ್ಚ ಚಿನ್ನ ಹಳದಿ ಯಾಕೆ

ಹೆಚ್ಚಿನ ಲೋಹಗಳು ಬೂದು, ಬಿಳಿ. ಕಬ್ಬಿಣ, ತವರ, ಸತು, ಬೆಳ್ಳಿ, ಪ್ಲಾಟಿನಂ, ಎಲ್ಲ ಒಂದೇ ಜಾತಿಯ ಬಣ್ಣ. ಬಿದ್ದ ಬೆಳಕಿನ ಎಲ್ಲ ಬಣ್ಣಗಳನ್ನೂ ಅವು ಹೆಚ್ಚುಕಡಿಮೆ ಸಮನಾಗಿ ವಾಪಸು ಕಳಿಸುತ್ತವೆ. ಎದ್ದು ಕಾಣುವಂತೆ ಬೇರೆಯಾಗಿರುವುದು ತಾಮ್ರ ಮತ್ತು ಚಿನ್ನ.

ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನ್‌ಗಳಿವೆ. ಅಷ್ಟು ದೊಡ್ಡ ಧನ ವಿದ್ಯುದಂಶದ ಸೆಳೆತಕ್ಕೆ ಸಿಕ್ಕ ಒಳಸುತ್ತಿನ ಎಲೆಕ್ಟ್ರಾನ್‌ಗಳು ಸುಮಾರು ಬೆಳಕಿನ ವೇಗದ ಅರ್ಧಕ್ಕೂ ಹೆಚ್ಚು ವೇಗದಲ್ಲಿರುತ್ತವೆ. ಅಂಥ ವೇಗದಲ್ಲಿ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಲೆಕ್ಕ ಬಿಟ್ಟರೆ ಉಳಿದ ಲೆಕ್ಕ ಹೊಂದುವುದಿಲ್ಲ. ಅದರ ಪರಿಣಾಮ ಹೊರಸುತ್ತಿಗೂ ಮುಟ್ಟುತ್ತದೆ. ಕೆಲವು ಎಲೆಕ್ಟ್ರಾನ್ ಸುತ್ತುಗಳು ಕುಗ್ಗಿ ಒಳಗೆ ಸರಿಯುತ್ತವೆ, ಕೆಲವು ಸಡಿಲವಾಗಿ ಮೇಲೇಳುತ್ತವೆ. ಕೊನೆಗೆ ಎರಡು ಶಕ್ತಿಮಟ್ಟಗಳ ನಡುವಿನ ಅಂತರ ಕಡಿಮೆಯಾಗಿಬಿಡುತ್ತದೆ. ಬೆಳ್ಳಿಯಲ್ಲಿ ಈ ಅಂತರ ದೊಡ್ಡದು. ಅದನ್ನು ದಾಟಿಸಲು ಕಣ್ಣಿಗೆ ಕಾಣದ ನೇರಳಾತೀತ ಕಿರಣವೇ ಬೇಕು. ಹಾಗಾಗಿ ಕಾಣುವ ಬೆಳಕನ್ನೆಲ್ಲ ಬೆಳ್ಳಿ ಹಿಂದಕ್ಕೆ ಕಳಿಸುತ್ತದೆ, ಬೆಳ್ಳಗೆ ಕಾಣುತ್ತದೆ. ಚಿನ್ನದಲ್ಲಿ ಅಂತರ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ನೀಲಿ ಬೆಳಕಿಗೆ ಅದನ್ನು ದಾಟಿಸುವ ತಾಕತ್ತಿದೆ. ಚಿನ್ನ ನೀಲಿಯನ್ನು ನುಂಗುತ್ತದೆ. ಹಳದಿ, ಕಿತ್ತಳೆ, ಕೆಂಪನ್ನು ವಾಪಸು ಬಿಡುತ್ತದೆ. ಸಾಪೇಕ್ಷತೆಯ ಪರಿಣಾಮ ಇಲ್ಲದಿದ್ದರೆ ಚಿನ್ನವೂ ಬೆಳ್ಳಿಯಂತೆ ಬಿಳಿಯಾಗಿರುತ್ತಿತ್ತು. ಆಗ ಯಾರಾದರೂ ಅದರ ಹಿಂದೆ ಇಷ್ಟು ಬೀಳುತ್ತಿದ್ದರೋ ಇಲ್ಲವೋ, ನನಗಂತೂ ಅನುಮಾನ.

ಈ "ನುಂಗುವ ಗಡಿ" ಎಲ್ಲಿದೆ ಎನ್ನುವುದನ್ನು ನೆನಪಿಡಿ. ಮುಂದಿನದೆಲ್ಲ ಆ ಗಡಿ ಆಚೆ ಈಚೆ ಸರಿಯುವ ಕಥೆ.

ಬಿಡದ ಜೊತೆಗಾರ

ಚಿನ್ನದ ಜೊತೆ ಬೆಳ್ಳಿಯೇ ಯಾಕೆ? ಎರಡರ ಪರಮಾಣುಗಳ ಗಾತ್ರ ಬಹುತೇಕ ಒಂದೇ, ಸುಮಾರು 0.144 ನ್ಯಾನೋಮೀಟರ್ ತ್ರಿಜ್ಯ. ಹರಳಿನೊಳಗೆ ಅವು ಜೋಡಿಸಿಕೊಳ್ಳುವ ಕ್ರಮವೂ ಒಂದೇ. ಗೋಡೆಯಿಂದ ಒಂದು ಇಟ್ಟಿಗೆ ತೆಗೆದು ಅದೇ ಅಳತೆಯ ಬೇರೆ ಭಟ್ಟಿಯ ಇಟ್ಟಿಗೆ ಇಟ್ಟರೆ ಗೋಡೆಗೆ ಏನೂ ಆಗದು. ಇಲ್ಲೂ ಹಾಗೇ. ಒಂದರಲ್ಲಿ ಇನ್ನೊಂದು ಎಷ್ಟು ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತದೆ. ನೂರಕ್ಕೆ ಐದು ಆಗಬಹುದು, ಐವತ್ತೂ ಆಗಬಹುದು.

ಬೆಳ್ಳಿ ಸೇರುತ್ತಾ ಹೋದಂತೆ ನುಂಗುವ ಗಡಿ ನೀಲಿಯ ಕಡೆಗೆ, ಅಲ್ಲಿಂದ ನೇರಳೆಯ ಕಡೆಗೆ ಸರಿಯುತ್ತದೆ. ಮೊದಲು ಹಸಿರು ಬೆಳಕು ಹೆಚ್ಚಾಗಿ ವಾಪಸು ಬರತೊಡಗುತ್ತದೆ. ಆಮೇಲೆ ನೀಲಿಯೂ. ಆದ್ದರಿಂದ ಬೆಳ್ಳಿ ಬೆರೆತ ಚಿನ್ನ ಸುಮ್ನೆ ಮಂಕಾಗುವುದಿಲ್ಲ, ಮೊದಲು ಹಸಿರಿಗೆ ತಿರುಗುತ್ತದೆ. ನೂರಕ್ಕೆ ಐದು ಪಾಲು ಬೆಳ್ಳಿ ಇದ್ದಾಗ ಪಳಗಿದ ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಕಾಲುಭಾಗ ಬೆಳ್ಳಿ ಇದ್ದರೆ ಹಸಿರು ಛಾಯೆಯ ತಿಳಿ ಹಳದಿ. ಒಡವೆ ಲೋಕದಲ್ಲಿ ಹಸಿರು ಚಿನ್ನ ಎನ್ನುವುದು ಹೆಚ್ಚುಕಡಿಮೆ ಇದೇ. ಅರ್ಧಕ್ಕಿಂತ ಜಾಸ್ತಿ ಬೆಳ್ಳಿಯಾದರೆ ಹಳದಿ ಎನ್ನುವುದು ಬರೀ ನೆನಪಾಗಿ ಉಳಿಯುತ್ತದೆ, ಕಣ್ಣಿಗೆ ಬಿಳಿ ಲೋಹ.

ಇದು ಹೊಸ ತಿಳಿವಳಿಕೆಯೇನಲ್ಲ. ಮೊದಲನೇ ಶತಮಾನದಲ್ಲಿ ರೋಮ್‌ನ ಬರಹಗಾರ ಪ್ಲಿನಿ ಇದನ್ನು ಸ್ಪಷ್ಟವಾಗಿಯೇ ಬರೆದಿಟ್ಟಿದ್ದಾನೆ. ಎಲ್ಲ ಚಿನ್ನದಲ್ಲೂ ಬೆಳ್ಳಿ ಇರುತ್ತದೆ, ಕೆಲವು ಕಡೆ ಹತ್ತರಲ್ಲೊಂದು ಪಾಲು, ಕೆಲವು ಕಡೆ ಎಂಟರಲ್ಲೊಂದು. ಈಗಿನ ಸ್ಪೇನ್‌ನ ವಾಯವ್ಯಕ್ಕಿದ್ದ ಒಂದು ಗಣಿಯಲ್ಲಿ ಮಾತ್ರ ಮೂವತ್ತಾರರಲ್ಲೊಂದು. ಐದರಲ್ಲೊಂದು ಪಾಲು ಬೆಳ್ಳಿ ಇದ್ದರೆ ಅದು ಎಲೆಕ್ಟ್ರಮ್ ಎಂದು ಅವನ ಮಾತು. ಈಗಲೂ ಭೂವಿಜ್ಞಾನಿಗಳು ಎಲೆಕ್ಟ್ರಮ್ ಎಂದು ಕರೆಯುವುದು ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಬೆಳ್ಳಿ ಇರುವ ಚಿನ್ನವನ್ನೇ. ಎರಡು ಸಾವಿರ ವರ್ಷದಲ್ಲಿ ಗೆರೆ ಅಷ್ಟೇನೂ ಕದಲಿಲ್ಲ.

ಆಳದ ಲೆಕ್ಕ

ಸರಿ, ಒಂದು ಕಡೆ ಬೆಳ್ಳಿ ಕಡಿಮೆ, ಇನ್ನೊಂದು ಕಡೆ ಜಾಸ್ತಿ. ಯಾಕೆ? ಇದಕ್ಕೆ ಚಿನ್ನ ಬಂಡೆಯೊಳಗೆ ಬಂದು ಕೂತ ಬಗೆಯನ್ನು ನೋಡಬೇಕು.

ಭೂಮಿಯ ಆಳದಲ್ಲಿ ಬಿಸಿನೀರು ಓಡಾಡುತ್ತಿರುತ್ತದೆ. ನೂರಾರು ಡಿಗ್ರಿ ಬಿಸಿ, ಮೇಲಿನ ಬಂಡೆಯ ಒತ್ತಡಕ್ಕೆ ಸಿಕ್ಕಿ ಆವಿಯಾಗದೆ ಉಳಿದ ನೀರು. ಚಿನ್ನ ಬರೀ ನೀರಿನಲ್ಲಿ ಕರಗುವುದಿಲ್ಲ. ಆದರೆ ನೀರಿನಲ್ಲಿ ಗಂಧಕ ಇದ್ದರೆ ಅದರ ಜೊತೆ ಕೂಡಿಕೊಂಡು ಕರಗುತ್ತದೆ. ಬೆಳ್ಳಿಗೆ ಗಂಧಕಕ್ಕಿಂತ ಕ್ಲೋರಿನ್ ಸಂಗ ಇಷ್ಟ. ಉಪ್ಪು ಹೆಚ್ಚಿರುವ ನೀರಿನಲ್ಲಿ ಅದು ಚೆನ್ನಾಗಿ ಸಾಗುತ್ತದೆ. ಅಂದರೆ ನೀರಿನ ರುಚಿ ಬದಲಾದರೆ ಅದು ಹೊತ್ತು ತರುವ ಸರಕೂ ಬದಲಾಗುತ್ತದೆ.

ಬೆಟ್ಟಸಾಲುಗಳು ಎದ್ದು ನಿಲ್ಲುವಾಗ ಹಲವು ಕಿಲೋಮೀಟರ್ ಆಳದಲ್ಲಿ ಹರಿಯುವ ಬಿಸಿನೀರಿನಲ್ಲಿ ಸಾಮಾನ್ಯವಾಗಿ ಉಪ್ಪು ಕಡಿಮೆ, ಗಂಧಕ ಸಾಕಷ್ಟು. ಅಲ್ಲಿ ಚಿನ್ನಕ್ಕೆ ದಾರಿ ಸಲೀಸು, ಬೆಳ್ಳಿಗೆ ಅಷ್ಟಿಲ್ಲ. ಇಂಥ ನೀರು ಬಿರುಕುಗಳಲ್ಲಿ ಬಿಳಿ ಕಲ್ಲಿನ ಜೊತೆ ಇಳಿಸಿ ಹೋದ ಚಿನ್ನದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಚಿನ್ನವೇ ಇರುವುದು ಸಾಮಾನ್ಯ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಲ್ಲಾರಟ್ ಚಿನ್ನ ಇದಕ್ಕೆ ಹೆಸರುವಾಸಿ. ಗಣಿಯಿಂದ ಬಂದ ಹಾಗೇ ಅದು ನೂರಕ್ಕೆ ತೊಂಬತ್ತೈದಕ್ಕಿಂತ ಮೇಲೆ ಶುದ್ಧ, ಗಾಢ ಹಳದಿ.

ಜ್ವಾಲಾಮುಖಿ ಪ್ರದೇಶಗಳಲ್ಲಿ ಬೇರೆಯದೇ ವ್ಯವಹಾರ. ಅಲ್ಲಿ ಬಿಸಿನೀರು ನೆಲದ ಮೇಲ್ಮೈಗೆ ತೀರಾ ಹತ್ತಿರ, ಒಂದು ಒಂದೂವರೆ ಕಿಲೋಮೀಟರ್ ಒಳಗೇ ಬಂದು ಕುದಿಯುತ್ತದೆ. ಒತ್ತಡ ಇಳಿದು, ಗಂಧಕದ ಅನಿಲ ಹಾರಿಹೋಗಿ, ಚಿನ್ನ ಬೆಳ್ಳಿ ಎರಡೂ ಒಟ್ಟೊಟ್ಟಿಗೆ ಕೂರುತ್ತವೆ. ಇಂಥ ಕಡೆಯ ಚಿನ್ನ ಪೇಲವ. ರೋಮನ್ನರ ಕಾಲದಿಂದಲೂ ಅಗೆಯುತ್ತಿದ್ದ, ರೊಮೇನಿಯಾದ ರೋಶಿಯಾ ಮೊಂಟಾನಾ ಚಿನ್ನ ಅಂಥದ್ದು. ಅದರಲ್ಲಿ ಬೆಳ್ಳಿಯೇ ಕಾಲುಭಾಗದ ಆಸುಪಾಸು. ಬಲ್ಲಾರಟ್ ಗಟ್ಟಿಯ ಪಕ್ಕ ಇದನ್ನು ಇಟ್ಟರೆ, ಗೊತ್ತಿಲ್ಲದವರು ಒಂದನ್ನು ಚಿನ್ನ ಎಂದು ಒಪ್ಪಿ ಇನ್ನೊಂದನ್ನು ಹಿತ್ತಾಳೆ ಎಂದುಬಿಟ್ಟಾರು.

ಒಂದೇ ಪ್ರಾಂತ್ಯದೊಳಗೂ ಏಕರೂಪ ಇರುವುದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಸಮುದ್ರದ ತಳದಲ್ಲಿ ಸಿಕ್ಕಿತು. 1857ರ ಸೆಪ್ಟೆಂಬರ್‌ನಲ್ಲಿ ಎಸ್‌ಎಸ್ ಸೆಂಟ್ರಲ್ ಅಮೆರಿಕಾ ಎಂಬ ಹಡಗು ಕ್ಯಾಲಿಫೋರ್ನಿಯಾದ ಚಿನ್ನ ತುಂಬಿಕೊಂಡು ನ್ಯೂಯಾರ್ಕ್‌ಗೆ ಹೋಗುವಾಗ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 1988ರಲ್ಲಿ ಅದರ ಅವಶೇಷ ಪತ್ತೆಯಾಗಿ ಗಟ್ಟಿಗಳನ್ನು ಮೇಲೆತ್ತಿದರು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ, ಅವುಗಳ ಮೇಲೆ ಪರೀಕ್ಷಕರು ಒತ್ತಿದ್ದ ಅಂಕಿಗಳು ಹಾಗೇ ಇದ್ದವು. ಎಲ್ಲಕ್ಕಿಂತ ದೊಡ್ಡ ಗಟ್ಟಿಯ ತೂಕ 933.94 ಔನ್ಸ್, ಅಂದರೆ 29 ಕಿಲೋ. ಅದರ ಮೇಲೆ 903 ಎಂದಿದೆ. ಸಾವಿರದಲ್ಲಿ 903 ಪಾಲು ಚಿನ್ನ ಎಂದು ಅರ್ಥ. ಉಳಿದದ್ದು ಬಹುಪಾಲು ಬೆಳ್ಳಿ. ಪಕ್ಕದ ಗಟ್ಟಿಗಳಲ್ಲಿ ಆ ಅಂಕಿ ಬೇರೆ ಬೇರೆ. ಒಂದು ಹಳ್ಳದ ಚಿನ್ನ ಕರಗಿಸಿದರೆ ಒಂದು ಅಂಕಿ, ಇನ್ನೊಂದು ಹಳ್ಳದ್ದಕ್ಕೆ ಇನ್ನೊಂದು. ಸಾಲಾಗಿ ಜೋಡಿಸಿಟ್ಟರೆ ಬಣ್ಣದಲ್ಲೂ ಅದು ಕಾಣುತ್ತದೆ, ಒಂದು ಕೆಂಬಣ್ಣಕ್ಕೆ ಹತ್ತಿರ, ಒಂದು ನಿಂಬೆಬಣ್ಣಕ್ಕೆ ಹತ್ತಿರ. ಆ ಕಾಲದ ಪರೀಕ್ಷಕರು ಬಣ್ಣ ನೋಡಿ ಬೆಲೆ ಕಟ್ಟಲಿಲ್ಲ ಅನ್ನುವುದನ್ನೂ ಗಮನಿಸಿ. ಪ್ರತಿ ಗಟ್ಟಿಯಿಂದ ಚೂರು ಕತ್ತರಿಸಿ, ಬೆಳ್ಳಿ ಬೇರ್ಪಡಿಸಿ, ತೂಗಿ, ಆಮೇಲೆಯೇ ಅಂಕಿ ಒತ್ತಿದರು.

ಹೊಳೆ ಮಾಡುವ ಕೆಲಸ

ಬಂಡೆಯಿಂದ ಬಿಡಿಸಿಕೊಂಡ ಚಿನ್ನ ಹೊಳೆಗೆ ಬಿದ್ದ ಮೇಲೂ ಬದಲಾಗುತ್ತಾ ಇರುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಹೊಳೆಯಲ್ಲಿ ಸಿಕ್ಕಿದ ಚಿನ್ನದ ಕಾಳನ್ನು ಅಡ್ಡಕ್ಕೆ ಕತ್ತರಿಸಿ, ನಯಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಒಳಗಡೆ ತಿಳಿ ಹಳದಿ. ಅಂಚಿನಲ್ಲಿ ಮಾತ್ರ ಒಂದು ತೆಳು ಪಟ್ಟಿ, ಎದ್ದು ಕಾಣುವಷ್ಟು ಗಾಢ ಹಳದಿ. ಕೆಲವು ಕಾಳುಗಳಲ್ಲಿ ಈ ಪಟ್ಟಿ ಕೆಲವೇ ಮೈಕ್ರಾನ್, ಕೆಲವುಗಳಲ್ಲಿ ಹತ್ತಾರು ಮೈಕ್ರಾನ್. ದಪ್ಪ ಎಂದರೂ ಒಂದು ತಲೆಗೂದಲಿನಷ್ಟು ಇದ್ದರೆ ಜಾಸ್ತಿ. ಅಲ್ಲಿ ಅಳೆದರೆ ಬೆಳ್ಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಳಗಿನ ತಿರುಳಿನಲ್ಲಿ ಮಾತ್ರ ಬಂಡೆಯಿಂದ ತಂದ ಬೆಳ್ಳಿ ಹಾಗೇ ಇದೆ. ಒಂದು ಬಣ್ಣ ಇನ್ನೊಂದಕ್ಕೆ ನಿಧಾನವಾಗಿ ಕಲೆಯುವುದಿಲ್ಲ, ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ.

ಮೇಲ್ಮೈಯಲ್ಲಿನ ಬೆಳ್ಳಿಯನ್ನು ನೀರು ಮತ್ತು ಮಣ್ಣಿನ ರಸಾಯನಗಳು ಕರಗಿಸಿ ಒಯ್ದಿರುತ್ತವೆ. ಬೆಳ್ಳಿ ಸುಲಭಕ್ಕೆ ಸೋಲುತ್ತದೆ, ಚಿನ್ನ ಸೋಲುವುದಿಲ್ಲ. ಆದರೆ ಬರೀ ಬೆಳ್ಳಿ ಹೋಗಿದ್ದು ಅಷ್ಟೇ ಅಲ್ಲ. ಕೆಲವು ಕಡೆ ಚಿನ್ನವೂ ಚೂರುಚೂರು ಕರಗಿ, ಅಚ್ಚ ಚಿನ್ನವಾಗಿ ಮತ್ತೆ ಕಾಳಿನ ಮೇಲೆ ಕೂರುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವೂ ಇದೆ. ಆಸ್ಟ್ರೇಲಿಯಾದಲ್ಲಿ ಸಿಕ್ಕ ಚಿನ್ನದ ಕಾಳುಗಳ ಮೇಲೆ ಜೀವಂತ ಬ್ಯಾಕ್ಟೀರಿಯಾ ಪೊರೆ ಇರುವುದನ್ನು ಫ್ರಾಂಕ್ ರೈತ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟರು. ಅದರಲ್ಲಿದ್ದ, ಈಗ ಕ್ಯುಪ್ರಿಯಾವಿಡಸ್ ಮೆಟಾಲಿಡ್ಯುರಾನ್ಸ್ ಎಂದು ಕರೆಯುವ ಜೀವಿಗೆ ಕರಗಿದ ಚಿನ್ನ ವಿಷ. ಅದನ್ನು ನಿರುಪದ್ರವಿ ಲೋಹವಾಗಿಸಿ ಮೈಯಿಂದ ಹೊರಗೆ ಹಾಕಿದರೆ ಅದಕ್ಕೆ ನೆಮ್ಮದಿ. ಅದು ಕಸ ಎಂದು ಬಿಸಾಡಿದ್ದು ನಮಗೆ ಅಪರಂಜಿ.

ಇದರಿಂದ ಎರಡು ಸಂಗತಿಗಳು ಹುಟ್ಟುತ್ತವೆ. ಕಾಳು ಚಿಕ್ಕದಾದಷ್ಟೂ ಅದರ ಗಾತ್ರದಲ್ಲಿ ಅಂಚಿನ ಪಾಲು ಜಾಸ್ತಿ. ಹಾಗಾಗಿ ಹೊಳೆಯ ಕೆಳಹರಿವಿನಲ್ಲಿ ಸಿಗುವ ನುಣ್ಣನೆಯ ಪುಡಿ ಚಿನ್ನ, ಅದೇ ಹೊಳೆಯ ಮೇಲ್ಭಾಗದ ದಪ್ಪ ಕಾಳಿಗಿಂತ ಶುದ್ಧವಾಗಿರುವುದುಂಟು, ಬಣ್ಣವೂ ಗಾಢ. ಎರಡನೆಯದು, ಹೊಳೆಯ ಚಿನ್ನದ ಹೊರಬಣ್ಣ ನೋಡಿ ಒಳಗಿನ ಲೆಕ್ಕ ಹಾಕಿದರೆ ಮೋಸಹೋಗುವುದು ಗ್ಯಾರಂಟಿ. ಹೊರಗೆ ಇಪ್ಪತ್ತಮೂರು ಕ್ಯಾರೆಟ್‌ನ ಮುಖ, ಒಳಗೆ ಹತ್ತೊಂಬತ್ತು.

ಕೆಂಪು ಎಲ್ಲಿಂದ ಬಂತು?

ಕೆಂಪು ಚಿನ್ನ ಅಂದ ತಕ್ಷಣ ಜನ ಹೇಳುವುದು ಇಂಥ ದೇಶದ ಮಣ್ಣಿನ ಗುಣ, ಇಂಥ ಗಣಿಯ ವಿಶೇಷ ಎಂದು. ವೇಲ್ಸ್‌ನ ಚಿನ್ನ ಹುಟ್ಟಾ ಗುಲಾಬಿ ಎನ್ನುತ್ತಾರೆ, ರಷ್ಯಾದ ಚಿನ್ನ ಕೆಂಪು ಎನ್ನುತ್ತಾರೆ. ಇಂಥ ಮಾತುಗಳಲ್ಲಿ ಹೆಚ್ಚಿನವು ಮಣ್ಣಿನ ಗುಣವಲ್ಲ, ಮೂಸೆಯ ಗುಣ. ಕರಗಿಸುವಾಗ ಮನುಷ್ಯರು ಹಾಕಿದ ತಾಮ್ರದ ಬಣ್ಣ ಅದು.

ತಾಮ್ರ ಚಿನ್ನದ ನುಂಗುವ ಗಡಿಯನ್ನು ಬೆಳ್ಳಿಗೆ ತದ್ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಹಸಿರು ಬೆಳಕೂ ನುಂಗಿಹೋಗುತ್ತದೆ, ಕೆಂಪೇ ಹೆಚ್ಚಾಗಿ ವಾಪಸು ಬರುತ್ತದೆ. ನಾಲ್ಕರಲ್ಲೊಂದು ಪಾಲು ತಾಮ್ರ ಇದ್ದರೆ ಕಣ್ಣಿಗೆ ಸ್ಪಷ್ಟವಾಗಿ ಕೆಂಪು. ಆದರೆ ಗಣಿಯಿಂದ ಬರುವ ಚಿನ್ನದಲ್ಲಿ ತಾಮ್ರ ನೂರಕ್ಕೆ ಒಂದು ಪಾಲೂ ಇರುವುದು ಕಡಿಮೆ. ತಾಮ್ರದ ಪರಮಾಣು ಚಿಕ್ಕದು, ಬೆಳ್ಳಿಯಷ್ಟು ಸಲೀಸಾಗಿ ಚಿನ್ನದ ಹರಳಿನಲ್ಲಿ ಕೂರುವುದಿಲ್ಲ. ಮೇಲಾಗಿ ಬಿಸಿನೀರಿನಲ್ಲಿ ಗಂಧಕ ಇದ್ದರೆ ತಾಮ್ರ ಅದರ ಜೊತೆಯೇ ಹೋಗಿ ಬೇರೆ ಖನಿಜವಾಗಿಬಿಡುತ್ತದೆ. ಚಿನ್ನದ ಪಕ್ಕದಲ್ಲೇ ಇದ್ದರೂ ಒಳಗೆ ಸೇರುವುದಿಲ್ಲ.

ಅಪವಾದ ಇಲ್ಲ ಅಂತಲ್ಲ. ರಷ್ಯಾದ ಯುರಲ್ ಬೆಟ್ಟಗಳಲ್ಲಿ ಕರಾಬಾಶ್ ಹತ್ತಿರದ ಜೊಲೊತಾಯಾ ಗೊರಾ ಎಂಬಲ್ಲಿ ಗಂಧಕ ತೀರಾ ಕಡಿಮೆ ಇರುವ ವಿಚಿತ್ರ ಬಂಡೆಗಳಿವೆ. ಅಲ್ಲಿ ಚಿನ್ನ ಮತ್ತು ತಾಮ್ರ ನಿಜವಾಗಿಯೂ ಕೂಡಿ ತಾಮ್ರಗೆಂಪು ಖನಿಜಗಳಾಗಿವೆ. ಆದರೆ ಒಡವೆ ಅಂಗಡಿಗಳಲ್ಲಿ ಸಿಗುವ ಕೆಂಪು ಚಿನ್ನಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕಾದ ಬ್ಲ್ಯಾಕ್ ಹಿಲ್ಸ್ ಹೆಸರಿನ ಒಡವೆಗಳಲ್ಲಿ ಹಸಿರು ಎಲೆ, ಗುಲಾಬಿ ಎಲೆ ಎಲ್ಲ ಇರುತ್ತವಲ್ಲ, ಅದೂ ಅಷ್ಟೇ. ಹಸಿರಿಗೆ ಬೆಳ್ಳಿ, ಗುಲಾಬಿಗೆ ತಾಮ್ರ ಹಾಕಿ ಮಾಡಿದ್ದು. ಬೆಟ್ಟದ ಹೆಸರು ಬೆಟ್ಟದ್ದು, ಬಣ್ಣ ಮಾತ್ರ ಅಕ್ಕಸಾಲಿಗನದ್ದು.

ತಾಮ್ರ ಬೆರೆಸಿ ಆಮೇಲೆ ಅದನ್ನು ಮುಚ್ಚಿಡುವ ಜಾಣತನದಲ್ಲಿ ದಕ್ಷಿಣ ಅಮೆರಿಕಾದ ಪುರಾತನ ಅಕ್ಕಸಾಲಿಗರನ್ನು ಮೀರಿಸಿದವರಿಲ್ಲ. ತುಂಬಾಗಾ ಎಂಬ ಚಿನ್ನ-ತಾಮ್ರದ ಬೆರಕೆಯಿಂದ ವಸ್ತು ಮಾಡಿ, ಕಾಯಿಸಿ, ಹುಳಿ ರಸದಲ್ಲಿ ತೊಳೆಯುತ್ತಿದ್ದರು. ಮೇಲ್ಪದರದ ತಾಮ್ರ ಹೋಗಿ ಚಿನ್ನವಷ್ಟೇ ಉಳಿಯುತ್ತಿತ್ತು. ಆಮೇಲೆ ಉಜ್ಜಿ ಹೊಳಪು ಕೊಟ್ಟರೆ ಆಯಿತು. ಹೊಳೆ ಬೆಳ್ಳಿಗೆ ಮಾಡಿದ್ದನ್ನೇ ಇವರು ತಾಮ್ರಕ್ಕೆ ಮಾಡಿದರು.

ಉಳಿದ ವೇಷಗಳು

ಪಲ್ಲಾಡಿಯಂ ಎಂಬ ಬಿಳಿ ಲೋಹ ಸ್ವಲ್ಪವೇ ಸೇರಿದರೂ ಚಿನ್ನದ ಹಳದಿ ಸೋರಿಹೋಗುತ್ತದೆ. ಅದು ಗಡಿಯನ್ನು ಸರಿಸುವುದಿಲ್ಲ. ಕಾಣುವ ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದಿಷ್ಟೊಂದಿಷ್ಟು ಹೀರಿ ಬಣ್ಣವನ್ನೇ ಅಳಿಸಿಹಾಕುತ್ತದೆ. ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ಪಲ್ಲಾಡಿಯಂ ಬೆರೆತ ಚಿನ್ನ ಸಿಗುತ್ತದೆ. 17ನೇ ಶತಮಾನದ ಕೊನೆಗೆ ಅದೇ ಸೀಮೆಯ ತೊರೆಯಲ್ಲಿ ಸಿಕ್ಕ ಕಾಳುಗಳು ಇದ್ದಿಲಿನಷ್ಟು ಕಪ್ಪಾಗಿದ್ದವು. ಮೇಲಿನ ಕಪ್ಪು ಪೊರೆ ಕಿತ್ತು ನೋಡಿದಾಗ ಒಳಗೆ ಚಿನ್ನ. ಅಲ್ಲಿ ಬೆಳೆದ ಊರೇ ಓರೊ ಪ್ರೆಟೊ, ಅಂದರೆ ಕಪ್ಪು ಚಿನ್ನ.

ಪೊರೆಯಿಂದ ಬಣ್ಣ ಕೆಡುವುದು ಎಲ್ಲ ಕಡೆಯೂ ಇದೆ. ಕಬ್ಬಿಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಬಿದ್ದಿದ್ದ ಚಿನ್ನ ತುಕ್ಕುಗೆಂಪಾಗಿ, ಕಂದಾಗಿ ಕಾಣುತ್ತದೆ. ಅದು ಬರೀ ಮೇಲಿನ ಕೊಳೆ, ಲೋಹದ ಬಣ್ಣವಲ್ಲ. ಹಳೇ ಗಣಿ ಪ್ರದೇಶಗಳ ಹೊಳೆಗಳಲ್ಲಿ ಬೆಳ್ಳಿಯಂತೆ ಬಿಳಿಚಿಕೊಂಡ ಕಾಳು ಸಿಗುವುದೂ ಉಂಟು. ಅದು ಬೆಳ್ಳಿಯಲ್ಲ, ಪಾದರಸ. ಹಿಂದಿನವರು ಮರಳಿನಿಂದ ಚಿನ್ನ ಹಿಡಿಯಲು ಸುರಿದ ಪಾದರಸ ಇನ್ನೂ ಹೊಳೆಯಲ್ಲೇ ಇದೆ. ಕಾಯಿಸಿದರೆ ಹಳದಿ ವಾಪಸು ಬರುತ್ತದೆ ನಿಜ, ಆದರೆ ಅದರ ಹೊಗೆ ಕುಡಿದರೆ ನರಗಳು ಹಾಳಾಗುತ್ತವೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಟೆಲ್ಯೂರಿಯಂ ಎಂಬ ಧಾತುವಿನ ಜೊತೆ ಸೇರಿದ ಚಿನ್ನ ಇನ್ನೂ ದೊಡ್ಡ ವೇಷಧಾರಿ. ಕ್ಯಾಲವೆರೈಟ್ ಎಂಬ ಖನಿಜದ ತೂಕದಲ್ಲಿ ನೂರಕ್ಕೆ 43ಕ್ಕಿಂತ ಹೆಚ್ಚು ಪಾಲು ಚಿನ್ನವೇ ಇದೆ, ಆದರೆ ನೋಡಲು ಮಂಕು ಹಿತ್ತಾಳೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯಲ್ಲಿ 1890ರ ದಶಕದಲ್ಲಿ ಇಂಥ ಕಲ್ಲನ್ನು ಕೆಲಸಕ್ಕೆ ಬಾರದ್ದೆಂದು ರಸ್ತೆಗೆ ಹಾಕಿದ್ದರಂತೆ, ವಿಷಯ ಗೊತ್ತಾದ ಮೇಲೆ ರಸ್ತೆಯನ್ನೇ ಅಗೆದರಂತೆ. ಈ ಖನಿಜದಿಂದ ಟೆಲ್ಯೂರಿಯಂ ಕಾಲಕ್ರಮದಲ್ಲಿ ಬಿಟ್ಟುಹೋದರೆ ತೂತುತೂತಾದ ಚಿನ್ನ ಉಳಿಯುತ್ತದೆ. ಅದು ಅಚ್ಚ ಚಿನ್ನಕ್ಕೆ ಹತ್ತಿರವಿದ್ದರೂ ಹೊಳೆಯುವುದಿಲ್ಲ, ಮಣ್ಣಿನಂತೆ ಕಂದು. ಬೆಳಕು ಆ ತೂತುಗಳೊಳಗೆ ಹೊಕ್ಕು ಅಲ್ಲೇ ಸುತ್ತಾಡಿ ಕಳೆದುಹೋಗುತ್ತದೆ. ಶುದ್ಧೀಕರಣ ಘಟಕದಲ್ಲಿ ದ್ರಾವಣದಿಂದ ಇಳಿಸಿದ ಚಿನ್ನದ ಪುಡಿಯೂ ಹೀಗೇ ಕಂದು ಕೆಸರು. ಕರಗಿಸಿ ಎರಕ ಹೊಯ್ದಾಗಲೇ ಅದಕ್ಕೆ ಚಿನ್ನದ ಕಳೆ ಬರುವುದು.

ಅದೇ ನಿಯಮ ತಿರುಗಿಸಿ ನೋಡಿ. ನುಣುಪಾದ ಚಿನ್ನದ ಬಟ್ಟಲಿನ ಒಳಭಾಗ ಹೊರಭಾಗಕ್ಕಿಂತ ಕೆಂಪಾಗಿ ಕಾಣುತ್ತದೆ. ಬೆಳಕು ಒಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪುಟಿಯುವಾಗ ಪ್ರತಿಸಲವೂ ಅದರ ನೀಲಿ ಇನ್ನಷ್ಟು ಕಡಿಮೆಯಾಗುತ್ತದೆ. ಲೋಹ ಒಂದೇ, ಬಣ್ಣ ಎರಡು.

ಕಣ್ಣನ್ನು ಎಷ್ಟು ನಂಬಬಹುದು?

ಬೆಳ್ಳಿ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಬಣ್ಣ ಒಳ್ಳೆಯ ಸುಳಿವೇ. ಒರೆಗಲ್ಲಿನ ಮೇಲೆ ಗೊತ್ತಿರುವ ಚಿನ್ನದ ಗೀಟು, ಅದರ ಪಕ್ಕ ಗೊತ್ತಿಲ್ಲದ ಚಿನ್ನದ ಗೀಟು ಎಳೆದು ಹೋಲಿಸುವ ಪದ್ಧತಿ ಇಷ್ಟು ಕಾಲ ಬಾಳಿದ್ದು ಅದಕ್ಕೇ. ಗೀಟು ಎಳೆದಾಗ ಮೇಲಿನ ಪೊರೆ ದಾಟಿ ಒಳಗಿನ ಲೋಹ ಸಿಗುತ್ತದೆ, ಹೊಳಪು ಒರಟು ಎಂಬ ಭೇದವೂ ಹೋಗುತ್ತದೆ. ತೊಂದರೆ ಬರುವುದು ಬೆಳ್ಳಿ ತಾಮ್ರ ಎರಡೂ ಇದ್ದಾಗ. ಒಂದು ಬಿಳಿಚುತ್ತದೆ, ಇನ್ನೊಂದು ಕೆಂಪೇರಿಸುತ್ತದೆ. ಎರಡನ್ನೂ ಹದವಾಗಿ ಹಾಕಿದರೆ ಅರ್ಧಕ್ಕರ್ಧ ಬೆರಕೆಯೂ ಒಳ್ಳೆಯ ಹಳದಿಯಾಗಿ ಕಾಣಬಲ್ಲದು. ಹದಿನಾಲ್ಕು ಕ್ಯಾರೆಟ್ ಒಡವೆ ನಿಂತಿರುವುದೇ ಈ ಉಪಾಯದ ಮೇಲೆ.

ಈ ಉಪಾಯ ಎಷ್ಟು ಹಳೆಯದು ಎನ್ನಲು ಲಿಡಿಯಾದ ನಾಣ್ಯಗಳಿವೆ. ಈಗಿನ ಟರ್ಕಿಯ ಪಶ್ಚಿಮಕ್ಕಿದ್ದ ಈ ರಾಜ್ಯದ ರಾಜಧಾನಿ ಸಾರ್ಡಿಸ್ ಮೂಲಕ ಹರಿಯುವ ಪ್ಯಾಕ್ಟೋಲಸ್ ಹೊಳೆಯಲ್ಲಿ ಚಿನ್ನ ಸಿಗುತ್ತಿತ್ತು. ಅಲ್ಲಿನ ಎಲೆಕ್ಟ್ರಮ್ ನಾಣ್ಯಗಳು ಪ್ರಪಂಚದ ಅತಿ ಹಳೆಯ ನಾಣ್ಯಗಳ ಸಾಲಿನವು. ಹೊಳೆಯ ಚಿನ್ನವನ್ನು ಹಾಗೇ ಅಚ್ಚೊತ್ತಿದ್ದು ಎಂದೇ ಬಹುಕಾಲ ನಂಬಿದ್ದರು. ಪರೀಕ್ಷೆ ಮಾಡಿ ನೋಡಿದರೆ ನಾಣ್ಯದಲ್ಲಿ ಚಿನ್ನ ನೂರಕ್ಕೆ ಸುಮಾರು 54 ಪಾಲು ಮಾತ್ರ. ಹೊಳೆಯ ಚಿನ್ನದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅಂದರೆ ಬೆಳ್ಳಿ ಬೇಕೆಂದೇ ಬೆರೆಸಿದ್ದಾರೆ. ಜೊತೆಗೆ ನೂರಕ್ಕೆ ಎರಡರಷ್ಟು ತಾಮ್ರ. ಬೆಳ್ಳಿಯಿಂದ ಬಿಳಿಚಿದ ಬಣ್ಣಕ್ಕೆ ಆ ತಾಮ್ರ ಒಂದಿಷ್ಟು ಕಳೆ ತರುತ್ತದೆ.

ಜನರಿಗೆ ಅನುಮಾನ ಬರದೆ ಇರುತ್ತದೆಯೇ? ಕ್ರಿ.ಪೂ. 6ನೇ ಶತಮಾನದಲ್ಲಿ, ಕ್ರೋಸಸ್ ದೊರೆಯ ಕಾಲಕ್ಕೆ, ಲಿಡಿಯನ್ನರು ಬೆರಕೆ ನಾಣ್ಯ ಬಿಟ್ಟು ಚಿನ್ನಕ್ಕೆ ಬೇರೆ, ಬೆಳ್ಳಿಗೆ ಬೇರೆ ನಾಣ್ಯ ಮಾಡಿದರು. ಅದಕ್ಕಾಗಿ ಅವರು ಚಿನ್ನವನ್ನು ಪುಟಕ್ಕೆ ಇಟ್ಟ ಜಾಗವನ್ನೇ ಸಾರ್ಡಿಸ್‌ನಲ್ಲಿ ಅಗೆದು ತೆಗೆದಿದ್ದಾರೆ. ಚಿನ್ನವನ್ನು ತೆಳು ತಗಡಾಗಿ ಬಡಿದು, ಉಪ್ಪಿನ ಜೊತೆ ಮಣ್ಣಿನ ಮಡಕೆಯಲ್ಲಿ ಮುಚ್ಚಿ, ಕರಗದಷ್ಟು ಬಿಸಿಯಲ್ಲಿ ಬಹಳ ಹೊತ್ತು ಕಾಯಿಸುವುದು. ಉಪ್ಪಿನ ಕ್ಲೋರಿನ್ ಬೆಳ್ಳಿಯನ್ನು ಹಿಡಿದು ಆವಿಯಾಗಿ ಮಡಕೆಯ ಗೋಡೆಗೆ ಸೇರಿಸುತ್ತದೆ. ಭೂಮಿಯ ಆಳದ ಉಪ್ಪುನೀರಿನಲ್ಲಿ ಬೆಳ್ಳಿಗಿದ್ದ ಅದೇ ದೌರ್ಬಲ್ಯ.

ಈಗಿನ ಶುದ್ಧೀಕರಣ ಘಟಕಗಳಲ್ಲೂ ಮೊದಲ ಹಂತ ಇದರ ಮೊಮ್ಮಗನೇ. ಕರಗಿದ ಚಿನ್ನದೊಳಗೆ ಕ್ಲೋರಿನ್ ಅನಿಲ ಊದುತ್ತಾರೆ. ಆಮೇಲೆ ವಿದ್ಯುತ್ ಹರಿಸಿ 99.99ಕ್ಕೆ ಏರಿಸುತ್ತಾರೆ. ಅಲ್ಲಿಗೆ ಬಲ್ಲಾರಟ್, ರೋಶಿಯಾ ಮೊಂಟಾನಾ, ಕ್ಲಾಂಡೈಕ್ ಎಲ್ಲದರ ಬಣ್ಣವೂ ಒಂದೇ ಆಗಿಬಿಡುತ್ತದೆ.

ಶುದ್ಧಿ ಮಾಡದ ಚಿನ್ನ ಮಾತ್ರ ಊರಿನ ಗುರುತು ಇಟ್ಟುಕೊಂಡಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲೂ. ಜರ್ಮನಿಯ ನೆಬ್ರಾ ಹತ್ತಿರ 1999ರಲ್ಲಿ ಸಿಕ್ಕ ಕಂಚಿನ ತಟ್ಟೆಯೊಂದು ಸುಮಾರು 3,600 ವರ್ಷ ಹಳೆಯದು. ಅದರ ಮೇಲೆ ಚಂದ್ರ, ನಕ್ಷತ್ರಗಳನ್ನು ಚಿನ್ನದ ತಗಡಿನಲ್ಲಿ ಕೂರಿಸಿದ್ದಾರೆ. ಬೆಳ್ಳಿಯ ಪ್ರಮಾಣ ಮತ್ತು ತವರದಂಥ ಅಲ್ಪಸ್ವಲ್ಪ ಕಲಬೆರಕೆಗಳನ್ನು ಹೋಲಿಸಿ, ಆ ಚಿನ್ನ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕಾರ್ನನ್ ಹೊಳೆಯದ್ದು ಎಂದು ಸಂಶೋಧಕರು ಗುರುತಿಸಿದರು. ತಟ್ಟೆಯ ಅಂಚಿನಲ್ಲಿ ಆಮೇಲೆ ಸೇರಿಸಿದ ಕಮಾನುಗಳ ಚಿನ್ನದ ಲೆಕ್ಕ ಮಾತ್ರ ಬೇರೆ. ಅದು ಇನ್ನೊಂದು ಸಲ ತಂದ ಸರಕು. ಕದ್ದ ಚಿನ್ನ ಯಾವ ಗಣಿಯದ್ದು ಎಂದು ಹಿಡಿಯಲು ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದ ಪೊಲೀಸರು ಬಳಸುವುದೂ ಇಂಥದ್ದೇ ವಿಧಾನ. ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಚೂರು ಆವಿ ಮಾಡಿ, ಅದರಲ್ಲಿರುವ ಸೂಕ್ಷ್ಮ ಕಲಬೆರಕೆಗಳನ್ನು ಅಳೆದು, ಗಣಿಗಳ ಮಾದರಿಗಳ ಜೊತೆ ತಾಳೆ ನೋಡುತ್ತಾರೆ. ಕಳ್ಳರು ಬೇಗ ಬೇಗ ಕರಗಿಸಿ ಬೇರೆ ಚಿನ್ನದ ಜೊತೆ ಬೆರೆಸಲು ಹವಣಿಸುವುದು ಇದೇ ಕಾರಣಕ್ಕೆ. ಹಾಗೆ ಬೆರೆತ ಮೇಲೆ ಅದನ್ನು ಒಂದು ಗಣಿಗೆ ತಳಕು ಹಾಕುವುದು ತುಂಬ ಕಷ್ಟ.